ಅಗ್ಗದ ಕಾಲ ಯಾರದು?

ನಮ್ಮ ಹಿರಿಯರು ಊರು ಬಿಡುವ ಮುಂಚೆ ಪಂಚಾಂಗ ನೋಡಿಸುತ್ತಿದ್ದರು. ರಾಹುಕಾಲ ಎಷ್ಟು ಹೊತ್ತಿಗೆ, ಸೋಮವಾರ ಮೂಡಲಿಗೆ ಮುಖ ಮಾಡಬಹುದೆ, ಅಮಾವಾಸ್ಯೆ ಕಳೆಯುವತನಕ ತಡೆಯುವುದು ಮೇಲೋ ಏನೋ ಎಂದು ಹತ್ತೆಂಟು ವಿಚಾರ. ಓದಿದವರಾದ ನಾವು ಅದನ್ನೆಲ್ಲ ನಕ್ಕು ಬಿಟ್ಟೆವು. ಆದರೆ ಈಗಿನ ಪ್ರಯಾಣಿಕನ ಕೈಯಲ್ಲಿಯೂ ಒಂದು ಪಂಚಾಂಗವುಂಟು. ಮಂಗಳವಾರ ಹೊರಟರೆ ಲೇಸು, ಶುಕ್ರವಾರ ಹೊರಟರೆ ಕೇಡು, ಮೇ ತಿಂಗಳು ಸರ್ವಥಾ ವರ್ಜ್ಯ ಎಂದು ಅದೂ ವಿಧಿಸುತ್ತದೆ. ಹಿಂದಿನವರು ಶುಭವನ್ನು ಹುಡುಕುತ್ತಿದ್ದರು, ನಾವು ಅಗ್ಗವನ್ನು ಹುಡುಕುತ್ತೇವೆ. ಮುಹೂರ್ತದ ಮೇಲಿನ ಶ್ರದ್ಧೆಯೇನೂ ಕಡಿಮೆಯಾದಂತೆ ಕಾಣುವುದಿಲ್ಲ.

ಈ ಹೊಸ ಜ್ಯೋತಿಷದಲ್ಲಿ ನನ್ನ ತಂಗಿಯ ಹಿರಿಯ ಮಗ ಪಂಡಿತ. ಅವನಿರುವುದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಅಲ್ಲಿಗೆ ಹತ್ತಿರದ ಗ್ಯಾಲ್ವೆಸ್ಟನ್ ಬಂದರಿನಿಂದ ಮೆಕ್ಸಿಕೋ ಕಡೆಗೆ ವಿಹಾರದ ಹಡಗುಗಳು ಹೊರಡುತ್ತವೆ. ಹೆಂಡತಿಮಕ್ಕಳೊಡನೆ ಮೂರು ಸಲ ಹೋಗಿಬಂದಿದ್ದಾನೆ. ಮೂರು ಸಲವೂ ಪಕ್ಕದ ಕೋಣೆಯವರಿಗಿಂತ ಕಡಿಮೆ ಕೊಟ್ಟು ಹೋದೆನೆಂಬ ಸಂತೋಷ, ಕಡಲು ಕಂಡ ಸಂತೋಷಕ್ಕಿಂತ ಒಂದು ತೂಕ ಹೆಚ್ಚಾಗಿಯೇ ಇದೆ. ಈಗ ಅವನಿಗೊಂದು ಆಸೆ. ಊರಿಗೆ ಬಂದಾಗ ತಾಯಿತಂದೆ, ತಮ್ಮ, ತಂಗಿ, ಸೋದರಮಾವನಾದ ನಾನು, ಎಲ್ಲರನ್ನೂ ಮುಂಬಯಿಯಲ್ಲಿ ಹಡಗು ಹತ್ತಿಸಿ ಗೋವೆಯವರೆಗೆ ಕರೆದೊಯ್ಯಬೇಕು ಎಂದು.

ನಮ್ಮೂರು ಚಿತ್ತಾಪುರ ತಾಲೂಕಿನ ದಂಡೋತಿ, ಕಾಗಿಣಾ ಹೊಳೆಯ ದಂಡೆಯದು. ಇದೇ ಹೊಳೆಯ ಮೇಲ್ಗಡೆ ಮಳಖೇಡವಿದೆ, ಅಮೋಘವರ್ಷ ನೃಪತುಂಗನ ಮಾನ್ಯಖೇಟ. ಆ ದೊರೆತನವನ್ನು ಒಂಬತ್ತನೆಯ ಶತಮಾನದ ಅರಬ್ಬೀ ಕಡಲ ವರ್ತಕರು ಜಗತ್ತಿನ ನಾಲ್ಕು ದೊಡ್ಡ ದೊರೆತನಗಳಲ್ಲಿ ಒಂದೆಂದು ಎಣಿಸಿದ್ದರಂತೆ. ಹಾಗಿದ್ದೂ ನನ್ನ ತಂಗಿ ಅರುವತ್ತು ವರ್ಷಕ್ಕೂ ಕಡಲು ಕಂಡಿಲ್ಲ. ಅಳಿಯನ ಆಸೆಯಲ್ಲಿ ತಪ್ಪೆಣಿಸುವಂಥದೇನೂ ಇರಲಿಲ್ಲ. ಆದರೆ ಅದರ ಬೆನ್ನಿಗೇ ಅವನೊಂದು ಪಟ್ಟಿ ಕಳುಹಿಸಿದ. ಆ ಪಟ್ಟಿಯೇ ನನ್ನನ್ನು ಈ ವಿಚಾರಕ್ಕೆ ಎಳೆದದ್ದು.

ಪಟ್ಟಿಯಲ್ಲಿದ್ದುದನ್ನು ವಾಚಕರಿಗೂ ತಿಳಿಸಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಅಮೆರಿಕದ ಆ ತೀರದಲ್ಲಿ ಜೂನ್ 1ರಿಂದ ನವೆಂಬರ್ 30ರ ತನಕ ಚಂಡಮಾರುತದ ಕಾಲ. ಸೆಪ್ಟೆಂಬರಿನಲ್ಲಿ ಅದರ ಭಯ ಹೆಚ್ಚು, ಮೇಲಾಗಿ ಶಾಲೆಗಳು ತೆರೆದಿರುತ್ತವೆ; ಆದುದರಿಂದ ಹಡಗು ಅಗ್ಗ. ನವೆಂಬರ್ ಕೊನೆಯ ಹಬ್ಬ ಮುಗಿದು ಕ್ರಿಸ್ಮಸ್ ಬರುವುದಕ್ಕೆ ಮುಂಚಿನ ಒಂದೆರಡು ವಾರವೂ ಅಗ್ಗ. ಜನವರಿಯಿಂದ ಮಾರ್ಚಿನವರೆಗೆ ಕಂಪನಿಗಳು ಮುಂದಿನ ಪ್ರಯಾಣಗಳಿಗೆ ರಿಯಾಯಿತಿ ಸಾರುತ್ತವೆ; ಆ ವ್ಯಾಪಾರದವರು ಅದನ್ನು ಅಲೆಯ ಕಾಲ ಎನ್ನುತ್ತಾರೆ. ಕೋಣೆಯ ಲೆಕ್ಕ ಇಬ್ಬರಿಗೆ. ಮೂರನೆಯವರಿಗೂ ನಾಲ್ಕನೆಯವರಿಗೂ ಬೆಲೆ ಇಳಿಯುವುದುಂಟು, ಬಂದರಿನ ತೆರಿಗೆ ಮಾತ್ರ ತಲೆಗಿಷ್ಟೆಂದು ತೆರಲೇಬೇಕು. ನಮ್ಮ ಕಡೆ ಕಾರ್ಡೀಲಿಯಾ ಕಂಪನಿಯ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಓಡಾಟ ತೊಡಗಿತು. ಪಡುಗಡಲು ಮಳೆಗಾಲದಲ್ಲಿ ವಿಹಾರಕ್ಕೆ ಹೇಳಿದ್ದಲ್ಲ. ಹಿಂದೆ ಮುಂಬಯಿ-ಪಣಜಿ ನಡುವೆ ಓಡುತ್ತಿದ್ದ ಸ್ಟೀಮರುಗಳೂ ಆಗ ನಿಲ್ಲುತ್ತಿದ್ದವು. ಈ ಹಡಗು 2023ರ ಜೂನಿನಲ್ಲಿ ಚೆನ್ನೈಗೆ ಬಂದು ಅಲ್ಲಿಂದ ಶ್ರೀಲಂಕೆಯ ಕಡೆಗೆ ಹೊರಟಿತು. ದೀಪಾವಳಿ, ವರ್ಷದ ಕೊನೆ, ಬೇಸಿಗೆಯ ರಜೆ ಇವು ತುಟ್ಟಿ. ವಾರದ ನಡುವಣ ದಿನಗಳು ಸೋವಿ. ಎಲ್ಲವನ್ನೂ ಕೂಡಿಸಿ ಕಳೆದು ಅವನು ತೀರ್ಪು ಕೊಟ್ಟಿದ್ದ: ಜನವರಿ ನಡುವಣ ಒಂದು ವಾರ, ಸೋಮವಾರ ಹೊರಟು ಗುರುವಾರದೊಳಗೆ ಹಿಂದಕ್ಕೆ.

ಬೆಲೆ ಹೀಗೇಕೆ ಏರಿಳಿಯುತ್ತದೆ ಎಂಬುದು ಕಷ್ಟದ ಗಣಿತವೇನಲ್ಲ. ಹಡಗಿನ ಕೋಣೆ ಹೂವಿದ್ದ ಹಾಗೆ. ಇಂದು ಮಾರದಿದ್ದರೆ ನಾಳೆ ಬಾಡಿದ್ದು. ಖಾಲಿ ಕೋಣೆಯೊಡನೆ ಹಡಗು ದಡ ಬಿಟ್ಟಿತೆಂದರೆ ಆ ಕೋಣೆಯ ಹಣ ಕಡಲಿಗೇ ಹೋಯಿತು. ಎಣ್ಣೆ ಉರಿಯುವುದು ಅಷ್ಟೇ, ಹಾಸಿಗೆ ಹಾಸುವವರ ಸಂಬಳವೂ ಅಷ್ಟೇ. ಈ ಲೆಕ್ಕವನ್ನು ಶಾಸ್ತ್ರವಾಗಿ ಕಟ್ಟಿದವರು ವಿಮಾನದವರು. 1978ರಲ್ಲಿ ಅಮೆರಿಕ ಸರಕಾರ ವಿಮಾನದ ದರಗಳ ಮೇಲಿನ ಹಿಡಿತ ಸಡಿಲಿಸಿತು. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿ ಒಂದೇ ವಿಮಾನದ ಒಂದೇ ತೆರನ ಕುರ್ಚಿಗಳಲ್ಲಿ ಕೆಲವನ್ನು, ಬಹಳ ಮುಂಚೆ ಕೊಳ್ಳುವವರಿಗೆಂದು ತೀರ ಕಡಿಮೆಗೆ ಮಾರತೊಡಗಿತು. ಉಳಿದವನ್ನು ನಾಳೆಯೇ ಹೋಗಬೇಕಾದ ವ್ಯವಹಾರದವನಿಗಾಗಿ ಕಾದಿರಿಸಿತು. ಯಾರಿಗೆ ಎಷ್ಟು ಅವಸರವಿದೆ ಎಂಬುದನ್ನು ಅಳೆದು ಬೆಲೆ ಕಟ್ಟುವ ವಿದ್ಯೆ ಅಲ್ಲಿಂದ ಹೋಟೆಲಿಗೂ ಹಡಗಿಗೂ ಇಳಿಯಿತು. ನಮ್ಮ ರೈಲ್ವೆಯವರೂ 2016ರ ಸೆಪ್ಟೆಂಬರಿನಲ್ಲಿ ರಾಜಧಾನಿ, ಶತಾಬ್ದಿ, ದುರಂತೋ ಗಾಡಿಗಳಿಗೆ ಅದನ್ನು ತಂದರು. ಹತ್ತರಲ್ಲೊಂದು ಪಾಲು ಜಾಗ ಮಾರಿದ ಹಾಗೆಲ್ಲ ದರ ಒಂದು ಮೆಟ್ಟಿಲು ಏರುತ್ತದೆ.

ಇದರಲ್ಲಿ ಅನ್ಯಾಯವೇನು ಎಂದು ಕೇಳಬಹುದು. ಕೇಳತಕ್ಕ ಮಾತೇ. ಹಡಗಿನ ವಿಹಾರ ಅನ್ನವಲ್ಲ, ಔಷಧವಲ್ಲ. ಬೇಡವಾದವನು ಮನೆಯಲ್ಲಿರಬಹುದು. ಪಕ್ಕದ ಕೋಣೆಯವನು ಹೆಚ್ಚು ಕೊಟ್ಟನೆಂದು ನನ್ನ ಕೋಣೆಯ ಕಿಟಕಿಯಲ್ಲಿ ಕಡಲು ಕಿರಿದಾಗುವುದಿಲ್ಲ. ಅಷ್ಟೇ ಅಲ್ಲ, ಒಂದೇ ದರವಿರಲಿ ಎಂದು ಹಟ ಹಿಡಿದರೆ ಅರ್ಧ ವರ್ಷ ಹಡಗು ಖಾಲಿ ಓಡೀತು. ಪಿಂಚಣಿಯ ಮೇಲಿರುವ ಮುದುಕ ಮುದುಕಿಯರಿಗೆ ಈಗ ಎಟುಕುವ ಕಡಲೂ ಎಟುಕದೆ ಹೋದೀತು. ಸಿಡಿಮಿಡಿಗೊಳ್ಳುವುದು ಸುಲಭ, ಆದರೆ ಈ ವಾದವನ್ನು ದಾಟಿ ಸಿಡಿಮಿಡಿಗೊಳ್ಳಬೇಕು.

ನನಗೆ ತೊಡಕು ಕಂಡದ್ದು ಬೇರೆ ಕಡೆ. ಜನವರಿಯ ಆ ವಾರವನ್ನು ತಂಗಿಗೆ ಓದಿ ಹೇಳಿದೆ. ಅವಳು, "ಅಣ್ಣಾ, ಅವಾಗ ತೊಗರಿ ರಾಶಿ ಇರ್ತದ, ಕಣ ಬಿಟ್ಟು ಹ್ಯಾಂಗ ಬರ್ಲಿ?" ಎಂದಳು. ನಮ್ಮ ಸೀಮೆಯಲ್ಲಿ ತೊಗರಿ ಮುಂಗಾರಿಗೆ ಬಿತ್ತಿ ಡಿಸೆಂಬರ್ ಜನವರಿಗೆ ಕೊಯ್ಯುವ ಬೆಳೆ. ಆ ಎರಡು ತಿಂಗಳು ಮನೆಯಲ್ಲಿ ಬೇರೆ ಮಾತಿಲ್ಲ. ಅವಳ ಮಗಳು ಸೇಡಂನಲ್ಲಿ ಶಾಲೆಯ ಉಪಾಧ್ಯಾಯಿನಿ. ಜನವರಿ ನಡುವೆ ರಜೆಯೆಲ್ಲಿಂದ ಬರಬೇಕು? ಮೊಮ್ಮಗ ಹತ್ತನೆಯ ತರಗತಿ. ಕಿರಿಯ ಮಗ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಪಾಳಿಯ ಕೆಲಸದವನು. ಅವನಿಗೆ ಒಟ್ಟಿಗೆ ನಾಲ್ಕು ದಿನ ಸಿಕ್ಕಬೇಕಾದರೆ ಮೂರು ಜನರ ಕೂಡ ಪಾಳಿ ಅದಲುಬದಲು ಮಾಡಿಕೊಳ್ಳಬೇಕು. ಅಗ್ಗದ ವಾರದಲ್ಲಿ ನಿಜವಾಗಿ ಬಿಡುವಿದ್ದವರು ಇಬ್ಬರೇ: ಎಲ್ಲಿ ಕುಳಿತರೂ ಯಂತ್ರದ ಮೇಲೆ ಕೆಲಸ ಮಾಡಬಲ್ಲ ಅಳಿಯ, ನಿವೃತ್ತನಾದ ನಾನು.

ಇಲ್ಲಿಗೆ ವಿಷಯ ಸ್ವಲ್ಪ ತಿಳಿಯಾಯಿತೆಂದು ತೋರುತ್ತದೆ. ತುಟ್ಟಿಯ ದಿನಗಳು ಯಾವುವು ಎಂದು ಒಮ್ಮೆ ನೋಡಿ. ಹಬ್ಬ, ಮಕ್ಕಳ ರಜೆ, ಮದುವೆಯ ತಿಂಗಳು, ವಾರದ ಕೊನೆ: ಮನುಷ್ಯರು ಒಬ್ಬರಿಗೊಬ್ಬರು ಸಿಕ್ಕುವ ದಿನಗಳು. ಅಗ್ಗದ ದಿನಗಳೆಂದರೆ ಯಾರೂ ಯಾರಿಗೂ ಸಿಕ್ಕದ ದಿನಗಳು. ಬೆಲೆಯ ಯಂತ್ರಕ್ಕೆ ಇದು ಗೊತ್ತಿಲ್ಲ, ಅದು ಬೇಡಿಕೆಯನ್ನಷ್ಟೇ ಎಣಿಸುತ್ತದೆ. ಆದರೆ ಎಣಿಸಿ ಅದು ವಿಧಿಸುವ ಕಂದಾಯ ಬೀಳುವುದು ಕಟ್ಟುಪಾಡಿನ ಮೇಲೆ. ಮಗುವಿದ್ದವನು ಶಾಲೆಗೆ ಕಟ್ಟುಬಿದ್ದವನು. ಹೊಲವಿದ್ದವನು ಮಳೆಗೆ, ಕೂಲಿಯವನು ಪಾಳಿಗೆ. ಒಂಟಿಯಾದಷ್ಟೂ ಪ್ರಯಾಣ ಸೋವಿ, ಹತ್ತು ಜನಕ್ಕೆ ಬೇಕಾದವನಾದಷ್ಟೂ ತುಟ್ಟಿ. ಕುಟುಂಬವಿಹಾರವೆಂದು ಹೆಸರಿಟ್ಟು ಮಾರುವ ಸರಕು ಕುಟುಂಬ ಕೂಡುವ ದಿನವೇ ಕೈಗೆಟುಕುವುದಿಲ್ಲ.

ನಮ್ಮ ಸೀಮೆಗೂ ಒಂದು ಕುಟುಂಬವಿಹಾರವಿದೆ, ಎಳ್ಳ ಅಮಾವಾಸ್ಯೆ. ಆ ದಿನ ಮನೆಗೆ ಬೀಗ ಹಾಕಿ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಚರಗ ಚೆಲ್ಲುತ್ತಾರೆ, ನಿಂತ ಬೆಳೆಯ ನಡುವೆ ಕುಳಿತು ಉಣ್ಣುತ್ತಾರೆ. ಮೊದಲು ಬಂಡಿ, ಈಗ ಟ್ರ್ಯಾಕ್ಟರು. ಆ ದಿನ ಗದ್ದಲವೆಂದು ಮರುದಿನ ಹೋದವರನ್ನು ನಾನು ಕಂಡಿಲ್ಲ. ಎಲ್ಲರೂ ಅಂದೇ ಹೋಗುವುದರಲ್ಲಿಯೇ ಅದರ ಸೊಗಸು. ದಾರಿಯಲ್ಲಿ ನಿಂತು ಪಕ್ಕದ ಹೊಲದವರನ್ನು ಊಟಕ್ಕೆ ಕರೆಯಬೇಕಾದರೆ ಅವರೂ ಹೊಲದಲ್ಲಿರಬೇಕಲ್ಲ.

ಅಳಿಯ ಇದನ್ನು ಒಪ್ಪಲಿಲ್ಲ. "ಮಾಮಾ, ತಿಳಿದುಕೊಂಡವನಿಗೆ ಸಿಗುತ್ತದೆ, ತಿಳಿಯದವನಿಗೆ ಸಿಗುವುದಿಲ್ಲ. ಇದರಲ್ಲಿ ಮೋಸವೆಲ್ಲಿದೆ?" ಎಂದ. ಅವನ ಮಾತಿನಲ್ಲಿ ಒಂದು ಹಳೆಯ ಪ್ರಶ್ನೆ ಅಡಗಿದೆ. ರೋಮಿನ ಸಿಸಿರೋ ತನ್ನ ಕರ್ತವ್ಯವನ್ನು ಕುರಿತ ಗ್ರಂಥದಲ್ಲಿ ಒಂದು ಹಡಗಿನ ವಿಷಯವನ್ನೇ ಚರ್ಚಿಸುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕ ಹಡಗಿನ ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿರುವುದು ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಹೇಳಿದರೆ ಬೆಲೆ ಬೀಳುತ್ತದೆ. ಹೇಳಬೇಕೆ? ಡಯೋಜಿನಿಸ್ ಎಂಬ ಬಾಬಿಲೋನಿನ ತತ್ವಜ್ಞ, ಸುಳ್ಳಾಡದಿದ್ದರೆ ಸಾಕು, ತಿಳಿದದ್ದೆಲ್ಲವನ್ನೂ ಬಿಚ್ಚಿಡಬೇಕಾಗಿಲ್ಲ ಎಂದನಂತೆ. ಅವನ ಶಿಷ್ಯ ಆಂಟಿಪೇಟರ್, ಕೊಳ್ಳುವವನಿಗೆ ತಿಳಿಯದ್ದು ಮಾರುವವನಿಗೆ ಏನೂ ತಿಳಿದಿರಕೂಡದು ಎಂದ. ಸಿಸಿರೋ ನಿಂತದ್ದು ಶಿಷ್ಯನ ಪಕ್ಷದಲ್ಲಿ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ನಡುಹಾದಿ ಹಿಡಿದ: ನ್ಯಾಯದ ದೃಷ್ಟಿಯಿಂದ ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ಹೆಚ್ಚಿನ ಗುಣ ಎಂದು.

ಈ ಚರ್ಚೆಯನ್ನು ಮಾರುವವನಿಗೆ ಹಚ್ಚಿದರೆ ಉತ್ತರ ಸುಲಭ. ಟಿಕೆಟ್ಟು ಮಾರುವ ಯಂತ್ರಕ್ಕೆ ಎಷ್ಟು ಕೋಣೆ ಉಳಿದಿವೆಯೆಂಬುದು ಗೊತ್ತು. ನಮಗೆ ಮಾತ್ರ ಅದು, ಎರಡೇ ಉಳಿದಿವೆ, ಬೇಗ ಮಾಡಿ ಎಂದು ಕೂಗಿದರೆ ಅದು ಡಯೋಜಿನಿಸನ ಔದಾರ್ಯವನ್ನೂ ಮೀರಿತು. ಭಾರತ ಸರಕಾರದ ಗ್ರಾಹಕ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ ಹದಿಮೂರು ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು ಅವುಗಳಲ್ಲಿ ಮೊದಲನೆಯದು. ಆದರೆ ನನ್ನನ್ನು ಕಾಡುವುದು ಕೊಳ್ಳುವವನ ಜಾಣತನ. ಅಳಿಯ ಪಟ್ಟಿಯನ್ನು ಮುಚ್ಚಿಡುವವನಲ್ಲ, ಕೇಳಿದವರಿಗೆಲ್ಲ ಕಳುಹಿಸುತ್ತಾನೆ. ಆಂಟಿಪೇಟರನೂ ಮೆಚ್ಚಬೇಕು. ಆದರೆ ಎಲ್ಲರೂ ಅದನ್ನು ಓದಿ ಜನವರಿಯಲ್ಲೇ ಹೊರಟರೆ? ಜನವರಿ ತುಟ್ಟಿಯಾಗುತ್ತದೆ, ಅಷ್ಟೇ. ಉಪಾಧ್ಯಾಯಿನಿಗೆ ಬರಲಾಗುವುದಿಲ್ಲ, ರೈತನಿಗೆ ಬರಲಾಗುವುದಿಲ್ಲ ಎಂಬ ನೆಲದ ಮೇಲೆಯೇ ಅಗ್ಗದ ವಾರ ನಿಂತಿದೆ. ನನ್ನ ಕೋಣೆಯ ಬೆಲೆ ಇಳಿದದ್ದು ನನ್ನ ಬುದ್ಧಿಯಿಂದಲ್ಲ, ಅವರ ಗೈರುಹಾಜರಿಯಿಂದ. ಮೇ ತಿಂಗಳಲ್ಲಿ ಅವರು ಹೆಚ್ಚು ತೆತ್ತುದರಿಂದ ಹಡಗು ವರ್ಷವಿಡೀ ತೇಲುತ್ತಿದೆ ಎಂದೂ ಹೇಳಬಹುದು. ಪಾಪವೆಂದು ನಾನೆನ್ನುವುದಿಲ್ಲ. ಋಣವೆನ್ನಲು ಅಡ್ಡಿಯಿಲ್ಲ. ಜಾಣತನವೆಂದು ಊರೆಲ್ಲ ಹೇಳಿಕೊಂಡು ತಿರುಗುವುದಕ್ಕೆ ಮಾತ್ರ ಕೊಂಚ ಸಂಕೋಚವಾಗಬೇಕು.

ಹಾಗಾದರೆ ಎಲ್ಲ ದಿನಕ್ಕೂ ಒಂದೇ ಬೆಲೆಯಿಟ್ಟರೆ ನೆಟ್ಟಗಾದೀತೆ? ಒಂದೇ ಬೆಲೆಯ ರುಚಿಯನ್ನು ನೋಡಬೇಕಾದರೆ ದೀಪಾವಳಿಯ ಹಿಂದಿನ ರಾತ್ರಿ ವಾಡಿ ಜಂಕ್ಷನ್ನಿನಲ್ಲಿ ಸಾಮಾನ್ಯ ಡಬ್ಬಿ ಹತ್ತಿ ನೋಡಬೇಕು. ಹಬ್ಬಕ್ಕೂ ಬರಿದಿನಕ್ಕೂ ಅಲ್ಲಿ ದರ ಒಂದೇ. ಹೆಚ್ಚಿನದನ್ನು ಹಣದಲ್ಲಿ ತೆರುವುದಿಲ್ಲ, ಮೈಯಲ್ಲಿ ತೆರುತ್ತಾರೆ; ಒಂದು ಕಾಲ ಮೇಲೆ ನಿಂತು, ಕೂಸನ್ನು ಕಿಟಕಿಯಿಂದ ಒಳಕ್ಕೆ ಕೊಟ್ಟು. ಬೆಲೆ ಏರದ ಕಡೆ ಸಾಲು ಬೆಳೆಯುತ್ತದೆ, ಸಾಲಿನಲ್ಲಿ ಗೆಲ್ಲುವವನು ತೋಳಿನಲ್ಲಿ ಬಲವುಳ್ಳವನು. ಮುಂಗಡ ಕಾದಿರಿಸುವ ಅವಧಿಯನ್ನು ರೈಲ್ವೆ 2024ರ ನವೆಂಬರ್ 1ರಿಂದ 120 ದಿನದಿಂದ 60ಕ್ಕೆ ಇಳಿಸಿತು. ಅಲ್ಲಿಯೂ ಎರಡು ತಿಂಗಳ ಮುಂದಿನ ತನ್ನ ದಿನ ಯಾರಿಗೆ ಗೊತ್ತಿರುತ್ತದೋ ಅವರಿಗೇ ಜಾಗ. ಕೂಲಿಯವನಿಗೆ ನಾಡಿದ್ದಿನದೇ ಗೊತ್ತಿರುವುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೋಣಿ ಹಡಗುಗಳ ಅಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ದಾಟುವ ಕೂಲಿಯನ್ನು ಅವನು ಹೊರೆಗಿಷ್ಟು, ದನಕ್ಕಿಷ್ಟು ಎಂದು ಗೊತ್ತುಮಾಡುತ್ತಾನೆ. ದೊಡ್ಡ ನದಿಯಾದರೆ ಇಮ್ಮಡಿ. ಬೆಲೆ ನೋಡುವುದು ನದಿಯ ಅಗಲವನ್ನು, ಹೊರೆಯ ತೂಕವನ್ನು. ಆಮೇಲೆ ಒಂದು ಪಟ್ಟಿ ಬರುತ್ತದೆ: ಬ್ರಾಹ್ಮಣರು, ಸಂನ್ಯಾಸಿಗಳು, ಮಕ್ಕಳು, ಮುದುಕರು, ರೋಗಿಗಳು, ರಾಜಾಜ್ಞೆ ಒಯ್ಯುವವರು, ಬಸುರಿಯರು. ಇವರು ಅಧ್ಯಕ್ಷನ ಮುದ್ರೆಯಿದ್ದರೆ ಕೂಲಿಯಿಲ್ಲದೆ ದಾಟಬಹುದು. ಮೊದಲೆರಡು ಹೆಸರುಗಳ ಮಾತು ಇಂದಿಗೆ ಸಲ್ಲದು, ಬಿಡಿ. ಉಳಿದುವನ್ನು ನೋಡಿದರೆ, ಯಾರಿಗೆ ದಾಟುವುದು ಅನಿವಾರ್ಯವೋ ಅವರ ಅನಿವಾರ್ಯವನ್ನು ಹಣವಾಗಿ ಕರೆದುಕೊಳ್ಳಬಾರದೆಂಬ ಒಂದು ಗೆರೆ ಕಾಣುತ್ತದೆ. ಹೊಳೆಯ ದಂಡೆಯ ಕೆಲವು ಊರುಗಳಲ್ಲಿ ಅಂಬಿಗನಿಗೆ ಸುಗ್ಗಿಯಲ್ಲಿ ಆಯವೆಂದು ಕಾಳು ಅಳೆದು ಕೊಡುತ್ತಿದ್ದರು. ವರ್ಷಕ್ಕೊಮ್ಮೆ ಕೊಟ್ಟರೆ ಮುಗಿಯಿತು. ಹೆರಿಗೆಯ ನೋವೆದ್ದ ರಾತ್ರಿ ಹರಿಗೋಲು ಹತ್ತಿದವರನ್ನು ನಿಲ್ಲಿಸಿ ದರ ಕೇಳುವ ಪ್ರಸಂಗವೇ ಅಲ್ಲಿ ಹುಟ್ಟುತ್ತಿರಲಿಲ್ಲ.

ಗೆರೆ ಎಳೆಯಬೇಕಾದದ್ದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ಗೋವೆಯ ಹಡಗು ಜನವರಿಯಲ್ಲಿ ಇಳಿದು ಮೇನಲ್ಲಿ ಏರಲಿ. ಆದರೆ ಅದೇ ವಿದ್ಯೆ ಸಾವಿನ ಮನೆಗೆ ಹೊರಟವನ ವಿಮಾನಕ್ಕೂ ಬಂದು ಕುಳಿತಿದೆ. ಸಾವು ಅರುವತ್ತು ದಿನ ಮುಂಚೆ ತಿಳಿಸಿ ಬರುವುದಿಲ್ಲ. ಮಳೆ ಹೆಚ್ಚಾಗಿ ಕಾಗಿಣಾ ಉಕ್ಕಿದಾಗ ದಂಡೋತಿಯ ಸೇತುವೆ ನೀರಿನಡಿಗೆ ಹೋಗುತ್ತದೆ. ಆಗ ರೋಗಿಯನ್ನು ಕರೆದುಕೊಂಡು ಸುತ್ತುಬಳಸಿನ ದಾರಿ ಹಿಡಿದವನಿಗೆ ಬಾಡಿಗೆ ಗಾಡಿಯವನು ಎಷ್ಟು ಹೇಳಬಹುದು? ಅಗ್ಗದ ಕಾಲದ ಶಾಸ್ತ್ರದ ಪ್ರಕಾರ, ಅವನು ಎಷ್ಟು ಕೊಟ್ಟಾನೋ ಅಷ್ಟು. ರೈಲಿನಲ್ಲಿ ಕೆಲವು ರೋಗಿಗಳಿಗೂ ಅಂಗವಿಕಲರಿಗೂ ವಿದ್ಯಾರ್ಥಿಗಳಿಗೂ ರಿಯಾಯಿತಿ ಉಳಿದಿದೆ. ಮುದುಕರದು 2020ರ ಮಾರ್ಚಿನಲ್ಲಿ ನಿಂತಿತು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. ಅದರ ಖರ್ಚುವೆಚ್ಚದ ಜಗಳ ಏನೇ ಇರಲಿ, ನನ್ನ ತಂಗಿಯ ಬದುಕಿನಲ್ಲಿ ಎಲ್ಲ ಕಾಲವೂ ಅಗ್ಗವಾದದ್ದು ಅದೊಂದೇ.

ಅಗ್ಗದ ಕಾಲವನ್ನು ರೈತ ಇನ್ನೊಂದು ತುದಿಯಿಂದ ಬಲ್ಲ. ಕೊಳ್ಳುವವನಿಗೆ ಅಗ್ಗವಾದ ಕಾಲವೇ ಅವನು ಮಾರುವ ಕಾಲ. ಜನವರಿಯಲ್ಲಿ ಎಲ್ಲರ ತೊಗರಿಯೂ ಒಮ್ಮೆಗೇ ಕಲಬುರಗಿಯ ಮಾರುಕಟ್ಟೆಗೆ ಬರುತ್ತದೆ, ದರ ಕುಸಿಯುತ್ತದೆ. ನಾಲ್ಕು ತಿಂಗಳು ತಡೆದರೆ ಏರೀತೆಂದು ಅವನಿಗೂ ಗೊತ್ತು. ಆದರೆ ಬೀಜಗೊಬ್ಬರದ ಸಾಲ, ಅಡತಿ ಅಂಗಡಿಯ ಮುಂಗಡ, ಮಗಳ ಮದುವೆ ತಡೆಯುವುದಿಲ್ಲ. ಕೇಂದ್ರ ಸರಕಾರ 2024-25ಕ್ಕೆ ಕ್ವಿಂಟಲಿಗೆ 7,550 ರೂಪಾಯಿ, 2025-26ಕ್ಕೆ 8,000 ರೂಪಾಯಿ ಬೆಂಬಲ ಬೆಲೆ ಸಾರಿತು. ಖರೀದಿಯ ಕೇಂದ್ರ ತೆರೆದು ಹಣ ಕೈಗೆ ಬರುವತನಕ ಕಾಯಬಲ್ಲವನಿಗೆ ಅದು ಬೆಲೆ. ಕಾಯುವ ಶಕ್ತಿ ಎಲ್ಲಿದೆಯೋ ಅಲ್ಲಿಗೆ ಲಾಭ ಹರಿಯುತ್ತದೆ, ಹಡಗಿನಲ್ಲಿಯೂ ಕಣದಲ್ಲಿಯೂ. ಅಳಿಯನಿಗೆ ಕಾಲವಿದೆ, ಆದ್ದರಿಂದ ಕಡಿಮೆಗೆ ಕೊಳ್ಳುತ್ತಾನೆ. ಅವನ ತಂದೆಗೆ ಕಾಲವಿಲ್ಲ, ಆದ್ದರಿಂದ ಕಡಿಮೆಗೆ ಮಾರುತ್ತಾನೆ. ಇಬ್ಬರೂ ಒಂದೇ ಮನೆಯವರು.

ಕೊನೆಗೆ ಹೊರಡುವುದು ಏಪ್ರಿಲ್ ಮೂರನೆಯ ವಾರವೆಂದು ಗೊತ್ತಾಗಿದೆ. ಶಾಲೆ ಮುಚ್ಚಿರುತ್ತದೆ, ಪರೀಕ್ಷೆ ಮುಗಿದಿರುತ್ತದೆ, ಹೊಲದಲ್ಲಿ ಕೆಲಸವಿಲ್ಲ. ಬೆಲೆ ಮಾತ್ರ ಜನವರಿಯದಲ್ಲ. ಈ ಕಡೆಯ ಏಳು ಜನರಿಗೆ ಒಟ್ಟು ಇಪ್ಪತ್ತನಾಲ್ಕು ಸಾವಿರ ರೂಪಾಯಿ ಹೆಚ್ಚಾಗುತ್ತದೆಂದು ಅಳಿಯ ಲೆಕ್ಕ ಕಳುಹಿಸಿ, ತಾನೇ ಕೊಡುತ್ತೇನೆಂದೂ ಬರೆದಿದ್ದ. ತಂಗಿ ಒಪ್ಪಲಿಲ್ಲ, ತಮ್ಮ ಟಿಕೆಟ್ಟು ತಮ್ಮದೇ ಎಂದಳು. ಬೆರಳು ಮಡಿಚಿ ಎಣಿಸಿ, "ಮೂರು ಕ್ವಿಂಟಲ್ ತೊಗರಿ ಆಯ್ತು" ಎಂದು ಗಂಡನ ಮುಖ ನೋಡಿದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲ ಜನವರಿಯಲ್ಲಿ ಎಲ್ಲವನ್ನೂ ಅಡತಿಗೆ ಹಾಕುವುದು ಬೇಡ, ಆರು ಚೀಲ ಮನೆಯಲ್ಲೇ ಇಟ್ಟುಕೊಂಡು ನೋಡೋಣ ಎಂದ. ಚೀಲ ಇಡಲು ಒಳಗಿನ ಕೋಣೆಯ ಹಳೆಯ ಮಂಚವನ್ನು ಹೊರಗೆ ತೆಗೆದಿದ್ದಾರೆ.